ಕೂಗದೆ ಹೊಡೆದ ಗುಂಡು

ಕಪ್ಪತಗುಡ್ಡದ ಬೀಟಿಗೆ ಹೊಸದಾಗಿ ಬರುವ ಫಾರೆಸ್ಟ್ ಗಾರ್ಡುಗಳು ನನ್ನನ್ನು ಹುಡುಕಿಕೊಂಡು ಬೆಟಗೇರಿಯ ಮನೆಗೆ ಬರುತ್ತಾರೆ. ಯಾರು ಕಳಿಸುತ್ತಾರೋ ಗೊತ್ತಿಲ್ಲ. ಚಹ ಕುಡಿದು, ಮೊಬೈಲನ್ನು ಮಗುಚಿ ಇಟ್ಟು, ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ಚಿರತೆ ಎದುರಿಗೆ ಬಂದರೆ ಏನು ಮಾಡಬೇಕು ಸರ್? ಚಿರತೆ ನಿಮ್ಮ ಎದುರಿಗೆ ಬರುವುದಿಲ್ಲ ತಮ್ಮಾ, ಅದಕ್ಕೆ ಬೇರೆ ಕೆಲಸ ಇದೆ ಎನ್ನುತ್ತೇನೆ. ಅವರಿಗೆ ನಿರಾಸೆಯಾಗುತ್ತದೆ.

ಇಷ್ಟು ವರ್ಷ ಆ ಗುಡ್ಡದಲ್ಲಿ ನಡೆದವನು ನಾನು. ಶಿರಹಟ್ಟಿ ಕಡೆಯಿಂದ ಹತ್ತಿ ಮುಂಡರಗಿ ಕಡೆ ಇಳಿದಿದ್ದೇನೆ, ಮತ್ತೆ ತಿರುಗಿ ಹತ್ತಿದ್ದೇನೆ. ಕತ್ತೆಕಿರುಬ, ತೋಳ, ನಾಗರಹಾವು ಎಲ್ಲವೂ ನನ್ನನ್ನು ಕಂಡು ತಮ್ಮ ದಾರಿ ಹಿಡಿದು ಹೋಗಿವೆ. ನಾನು ಹೆದರಿದ್ದು ಒಂದಕ್ಕೆ ಮಾತ್ರ. ನನಗೆಂದು ಹೊಡೆಯದ, ಆದರೆ ನನ್ನ ಕಡೆಗೇ ಬರುವ ಗುಂಡಿಗೆ. ಗುರಿ ಇಟ್ಟು ಹೊಡೆಯುವವನ ಜೊತೆ ಜಗಳ ಆಡಬಹುದು, ಕೈಮುಗಿಯಬಹುದು, ಓಡಬಹುದು. ದಾರಿ ತಪ್ಪಿದ ಗುಂಡಿನ ಜೊತೆ ಏನು ಮಾತಾಡುತ್ತೀರಿ? ಟ್ರೇನಿಂಗಿನಲ್ಲಿ ಇದನ್ನು ಹೇಳಿಕೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೇಳುವವರು ಕೇಳಲಿ, ಮೊಬೈಲ್ ನೋಡುವವರು ನೋಡಲಿ.

ಮೊದಲನೆಯದನ್ನು ಹೇಳಿದರೆ ನಗುತ್ತೀರಿ. ನಗಿ. ನೌಕರಿಗೆ ಸೇರಿದ ಹೊಸದು. ಯುಗಾದಿ ಮುಗಿದ ಮರುದಿನ, ಅಂದರೆ ಕರಿ. ನಮ್ಮ ಕಡೆ ಕರಿ ದಿನ ಊರೂರಿನವರು ಬೇಟೆಗೆ ಹೋಗುವುದು ಅಜ್ಜನ ಕಾಲದಿಂದ ಬಂದದ್ದು. ಕಾನೂನು ಬೇಡ ಎನ್ನುತ್ತದೆ, ಊರು ಬೇಕು ಎನ್ನುತ್ತದೆ, ನಡುವೆ ಖಾಕಿ ಹಾಕಿಕೊಂಡ ನಾವು. ಅವತ್ತು ಬೆಳಿಗ್ಗೆ ಹಬ್ಬದ ಹೋಳಿಗೆಯ ಪರಿಣಾಮ ಹೊಟ್ಟೆಯಲ್ಲಿ ಶುರುವಾಗಿ, ತಂಬಿಗೆ ಹಿಡಿದು ಹುಲ್ಲಿನ ಮರೆಯಲ್ಲಿ ಕೂತಿದ್ದೆ. ಮೇಲಿನಿಂದ ಯಾರೋ "ಹೋ" ಎಂದು ಕೂಗಿದರು. ಆ ಭಂಗಿಯಲ್ಲಿ ಕೂತವನು ಏನೆಂದು ಉತ್ತರ ಕೊಡಬೇಕು? ಮಾನ ದೊಡ್ಡದೆಂದು ಸುಮ್ಮನಿದ್ದೆ. ಇನ್ನೊಮ್ಮೆ "ಹೋ" ಎಂದರು. ಇನ್ನಷ್ಟು ಕುಗ್ಗಿದೆ. ಢಂ ಎಂದಿತು. ತಲೆಯ ಮೇಲಿದ್ದ ಬಂದರಿಕೆ ಗಿಡದ ಟೊಂಗೆ ಚೂರುಚೂರಾಗಿ ನನ್ನ ಬೆನ್ನ ಮೇಲೆ ಬಿತ್ತು.

ಮದ್ದು ತುಂಬುವ ನಾಡಬಂದೂಕು ಹಿಡಿದ ಮುದುಕನೊಬ್ಬ ಓಡಿ ಬಂದ. ಹಂದಿಯ ಬದಲು ನನ್ನನ್ನು ಕಂಡು ಅವನಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. "ಹೋ ಅಂತ ಎರಡ್ ಸಲ ಕೂಗೇನಲ್ಲೋ, ನಿನಗ ಬಾಯಿ ಇದ್ದಿದ್ದಿಲ್ಲೇನು?" ಎಂದು ಬೈದ. ಆಮೇಲೆ ಖಾಕಿ ಕಂಡಿತು. ನಾನು ಚಡ್ಡಿ ಸರಿ ಮಾಡಿಕೊಳ್ಳುವಷ್ಟರಲ್ಲಿ ಮುದುಕ ಇರಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ಆ ಲೆಕ್ಕದಲ್ಲಿ ನಾನು ಇನ್ನೂ ಬಹಳ ದಿನ ಇರಬೇಕು.

ಶಿರಹಟ್ಟಿಯಲ್ಲಿ ಆಗ ನನ್ನ ಮೇಲೆ ಒಬ್ಬ ಹಳೆಯ ಫಾರೆಸ್ಟರ್ ಇದ್ದರು. ಲಕ್ಷ್ಮೇಶ್ವರದವರು, ಎಲೆ ಅಡಿಕೆ ಬಾಯಿಯಲ್ಲಿಲ್ಲದೆ ಮಾತಾಡಿದ್ದನ್ನು ನಾನು ಕಾಣೆ. ಅವರಿಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಗಂಭೀರವಾಗಿ ಬೇಟೆಯ ರಿವಾಜು ಬಿಡಿಸಿ ಹೇಳಿದರು. ಒಂದು ಕಡೆಯಿಂದ ಹಲಗೆ ಬಾರಿಸುತ್ತಾ ಹಂದಿಯನ್ನು ಸೋಹುವವರು ಬರುತ್ತಾರೆ. ಇನ್ನೊಂದು ಕಡೆ ಬಂದೂಕಿನವರು ಕೂತಿರುತ್ತಾರೆ. ಹುಲ್ಲು ಅಲ್ಲಾಡಿದರೆ ಬಂದೂಕಿನವನು ಮೊದಲು "ಹೋ" ಎನ್ನಬೇಕು. ಮನುಷ್ಯನಿದ್ದರೆ ತಿರುಗಿ "ಹೋ" ಎನ್ನುತ್ತಾನೆ. ಹಂದಿ ಅನ್ನುವುದಿಲ್ಲ. ಕೂಗಿದರೆ ಹಂದಿ ಓಡಿಹೋಗುವುದಿಲ್ಲವೇ ಎಂದೆ. ಹಲಗೆ ಸದ್ದಿಗೆ ಅದು ಹೇಗೂ ಓಡುತ್ತಲೇ ಇರುತ್ತದೆ, ಇನ್ನೊಂದು ಕೂಗು ಅದಕ್ಕೆ ಯಾವ ಲೆಕ್ಕ ಎಂದರು. ಮತ್ತೆ, ಚೈತ್ರದ ಹುಲ್ಲಿನ ಬಣ್ಣ ಯಾವುದು ನೋಡಿದ್ದೀಯಾ ಎಂದು ಕೇಳಿದರು. ನೋಡಿಕೊಂಡೆ. ನನ್ನ ಅಂಗಿಯ ಬಣ್ಣವೇ.

ಅವರಿಂದ ಕಲಿತ ಇನ್ನೊಂದು ಮಾತು: ಗುಂಡಿನ ಸದ್ದು ಕೇಳಿದರೆ ಬಂಡೆಯ ಹತ್ತಿರ ಹೋಗಬೇಡ, ಮಣ್ಣಿನ ತಗ್ಗಿನಲ್ಲಿ ಮಲಗು. ನಮ್ಮ ಗುಡ್ಡದ ಕೆಂಪು ಕಲ್ಲಿನಲ್ಲಿ ಕಬ್ಬಿಣ ಇದೆ. ಸೀಸದ ಚರೆ ಬಡಿದರೆ ಅದು ನುಂಗುವುದಿಲ್ಲ, ತಿರುಗಿ ಉಗುಳುತ್ತದೆ. ಯಾವ ಕಡೆಗೆ ಎಂದು ಹೊಡೆದವನಿಗೂ ಗೊತ್ತಿರುವುದಿಲ್ಲ. ಒಮ್ಮೆ ಗಿಡಮೂಲಿಕೆ ಆರಿಸಲು ಬಂದಿದ್ದ ಹೆಣ್ಣುಮಗಳೊಬ್ಬಳು ನನ್ನೆದುರೇ ಬೇರು ಅಗೆಯುತ್ತಿದ್ದಳು. ದೂರದಲ್ಲಿ ಸದ್ದಾಯಿತು, ಪಕ್ಕದ ಕಲ್ಲು ಠಣ್ಣೆಂದಿತು, ಅವಳು ಸೆರಗು ಕೊಡವಿದಳು. ಸೆರಗಿನಿಂದ ಉದುರಿದ ಚರೆಯನ್ನು ಎತ್ತಿ, ಇನ್ನೂ ಬೆಚ್ಚಗಿದೆ ನೋಡಿರಿ ಎಂದು ನನ್ನ ಅಂಗೈಗೆ ಹಾಕಿದಳು. ಇದು ಯಾವ ರೋಗಕ್ಕೆ ಬರುತ್ತದೆ ಎಂದು ಕೇಳಿದಳು. ಎಲ್ಲ ರೋಗಕ್ಕೂ ಒಂದೇ ಸಲಕ್ಕೆ ಬರುತ್ತದೆ ಎಂದೆ. ನಕ್ಕು ಬೇರು ಅಗೆಯುವುದಕ್ಕೆ ಕೂತಳು. ನಾನು ಮಾತ್ರ ಮಣ್ಣಿನ ತಗ್ಗು ಹುಡುಕಿಕೊಂಡು ಹೋದೆ.

ಮಾಗಡಿ ಕೆರೆಯ ಹತ್ತಿರವೂ ಒಂದು ಚಳಿಗಾಲ ಕೆಲಸ ಮಾಡಿದೆ. ದೂರದೇಶದ ಬಾತುಗಳು ಬರುವ ಕೆರೆ ಅದು. ಯಾರೋ ಕದ್ದು ಹಾರಿಸಿದ ಚರೆ ಮೇಲೇರಿ, ಸುಸ್ತಾಗಿ, ನನ್ನ ಟೋಪಿಯ ಮೇಲೆ ಜೋಳದ ಕಾಳಿನಂತೆ ಪಟಪಟ ಉದುರಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಆಕಾಶ ನೋಡಿದರು. ಆಗಿನ ನಮ್ಮ ಸಾಹೇಬರೊಬ್ಬರು ಮರುದಿನದಿಂದ ಕೆರೆ ಡ್ಯೂಟಿಗೆ ಛತ್ರಿ ತೆಗೆದುಕೊಂಡು ಹೋಗಿ ಎಂದು ಹೇಳಿದರು. ತಮಾಷೆಗೆ ಹೇಳಿದರೋ ಖರೇನೇ ಹೇಳಿದರೋ ಇವತ್ತಿಗೂ ಗೊತ್ತಾಗಿಲ್ಲ. ಇಂಥ ಸಾಹೇಬರು ಬಂದುಹೋಗುತ್ತಿರುತ್ತಾರೆ. ನೀವು ಬೇಜಾರು ಮಾಡಿಕೊಳ್ಳಬೇಡಿ.

ಈಗ ಅಸಲು ಮಾತಿಗೆ ಬರುತ್ತೇನೆ. ಈ ಗುಡ್ಡದ ಬೇಟೆ ನನ್ನ ಕಣ್ಣೆದುರೇ ಮೂಕಾಯಿತು. ನಾವು ಬಿಗಿ ಮಾಡಿದೆವು. ಗಸ್ತು ಹೆಚ್ಚಾಯಿತು, ಜೀಪು ಬಂತು, ಹಲಗೆಯ ಸದ್ದು ಕೇಳಿದರೆ ಸಾಕು ನಾವು ಹಾಜರು. ಅವರೂ ದಡ್ಡರಲ್ಲ. ಹಲಗೆ ಬಿಟ್ಟರು, ನಾಯಿಗಳನ್ನು ಮನೆಯಲ್ಲಿ ಕಟ್ಟಿದರು, ಮೊಬೈಲಿನ ಗಂಟೆ ಮುಚ್ಚಿದರು. ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಗುಡ್ಡದ ನೆತ್ತಿಗೆ ಬಂದ ಮೇಲಂತೂ ಅವುಗಳ ಗುಂಯ್ ಸದ್ದಿನಲ್ಲಿ ಹೆಜ್ಜೆ ಸದ್ದೂ ಕೇಳದಾಯಿತು. ಎಲ್ಲ ಬಿಟ್ಟ ಮೇಲೆ ಕೂಗನ್ನೂ ಬಿಟ್ಟರು. ಗುಂಡಿನ ಸದ್ದು ಯಾರದೆಂದು ಹೇಳಲಾಗದು, ದನಿ ಯಾರದೆಂದು ಹೇಳಬಹುದಲ್ಲ. ಹುಲ್ಲು ಅಲ್ಲಾಡಿತು, ಹೊಡೆ. ಅಷ್ಟೆ.

ಬೇಟೆ ಕಡಿಮೆಯಾಯಿತು, ಸುಳ್ಳಲ್ಲ. ಹಂದಿ ಉಳಿದವು. ಆದರೆ ಮೊದಲು ಕೇಳಿರದ ಸುದ್ದಿಗಳು ಬರತೊಡಗಿದವು. ಒಬ್ಬನಿಗೆ ತೊಡೆಯಲ್ಲಿ ಮುಳ್ಳು ನಟ್ಟಿತಂತೆ, ಇನ್ನೊಬ್ಬನಿಗೆ ಭುಜಕ್ಕೆ ಎತ್ತು ಹಾಯಿತಂತೆ. ಅದೆಂಥ ಎತ್ತು, ಸಾಸಿವೆ ಕಾಳಿನಂಥ ಕೊಂಬಿನದು? ನನ್ನ ಜೊತೆಯ ವಾಚರ್ ಹನುಮಪ್ಪನ ಕಿವಿಯ ತುದಿ ಒಂದು ಮಧ್ಯಾಹ್ನ ಹೋಯಿತು. ನನ್ನ ಹಿಂದೆಯೇ ನಡೆಯುತ್ತಿದ್ದ. ರಕ್ತ ಒರೆಸಿಕೊಂಡು, ಒಂಟಿ ಹಾಕೋ ಜಾಗ ಉಳದೈತಿ ಬಿಡ್ರಿ ಎಂದ. ಹೊಡೆದವನು ಕೂಗಿರಲಿಲ್ಲ. ಕೂಗಿದ್ದರೆ ಹನುಮಪ್ಪ ಓ ಅನ್ನುತ್ತಿದ್ದ.

ಅದಾಗಿ ಒಂದೆರಡು ವರ್ಷಕ್ಕೆ ನಿಂಗಪ್ಪನ ಕೇಸು ಬಂತು. ಊರಿನ ಹೆಸರು ಬರೆಯುವುದಿಲ್ಲ. ಹಿರೇವಡ್ಡಟ್ಟಿಯಿಂದ ಗುಡ್ಡದ ಕಡೆ ಹೋಗುವಾಗ ಸಿಗುವ ಹಳ್ಳಿಗಳಲ್ಲಿ ಒಂದು ಎಂದಿಟ್ಟುಕೊಳ್ಳಿ. ಅವರೆಲ್ಲ ಇನ್ನೂ ಅಲ್ಲೇ ಬದುಕುತ್ತಿದ್ದಾರೆ, ನಾನೂ ಅವರ ಮನೆಯ ರೊಟ್ಟಿ ತಿಂದಿದ್ದೇನೆ.

ಮತ್ತೆ ಅದೇ ಯುಗಾದಿ ಕರಿ. ಖಬರ ಸಿಕ್ಕಿತ್ತೆಂದು ನಾನು, ಹನುಮಪ್ಪ, ನಮ್ಮ ರೇಂಜರ್ ಸಾಹೇಬರು ಗುಡ್ಡದ ಕೆಳಗೆ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದೆವು. ಮೇಲೆ ಒಂದರ ಹಿಂದೆ ಒಂದು ಎರಡು ಗುಂಡಿನ ಸದ್ದಾಯಿತು. ಕೂಗಿಲ್ಲ, ಹಲಗೆಯಿಲ್ಲ. ಹತ್ತಿ ಹೋಗಿ ನೋಡಿದರೆ ಯಾರೂ ಇಲ್ಲ. ಹಂದಿಯನ್ನು ಎಳೆದ ಗುರುತು, ಕೂದಲು, ರಕ್ತ. ಅದಕ್ಕಿಂತ ಸ್ವಲ್ಪ ಮೇಲೆ, ಬೇರೆಯೇ ಒಂದು ಪೊದೆಯ ಹತ್ತಿರ ಇನ್ನಷ್ಟು ರಕ್ತ, ಅದರ ಪಕ್ಕ ಗಂಡಸಿನ ಒಂದು ಎಡಗಾಲಿನ ಚಪ್ಪಲಿ. ಹಂದಿ ಚಪ್ಪಲಿ ಹಾಕುವುದಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೋ ಬಿದ್ದಿದ್ದಾರೆ, ಅವರನ್ನು ಹೊತ್ತುಕೊಂಡು ಹೋಗಿದ್ದಾರೆ.

ಎರಡು ದಿನ ಊರೂರು ಕೇಳಿದೆವು. ಯಾವ ದವಾಖಾನೆಗೂ ಯಾರೂ ಬಂದಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಆ ಊರಿನ ಮನೆಗಳನ್ನು ಒಂದೊಂದಾಗಿ ಹೊಕ್ಕೆವು. ಎಲ್ಲರ ಮನೆಯಲ್ಲೂ ಪಾತ್ರೆ ಥಳಥಳ, ಒಲೆ ಸಾರಿಸಿ ರಂಗೋಲಿ. ಹಂದಿಯ ಗಂಧವೂ ಇಲ್ಲ. ನಿಂಗಪ್ಪನ ಮನೆಯ ಒಳಗೆ ಮಾತ್ರ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಉಪ್ಪು ಸವರಿದ ಮಾಂಸದ ಖಂಡಗಳು ಒಣಗುತ್ತಿದ್ದವು. ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದವಳು ಅವನ ಹೆಂಡತಿ ದ್ಯಾಮವ್ವ. ಗಂಡ ಹುಲಕೋಟಿಗೆ ಬೀಗರ ಮನೆಗೆ ಹೋಗಿದ್ದಾನೆ ಎಂದಳು.

ಹೊರಗಿನವರಿಗೆ ಇಲ್ಲಿ ಕಾಣುವುದು ಕಳ್ಳಬೇಟೆಯ ಮಾಲು. ನಮಗೆ ಕಂಡದ್ದು ಬೇರೆ. ಆ ಸೀಮೆಯ ಪ್ರತಿಯೊಬ್ಬನಿಗೂ ಗೊತ್ತಿರುವ ಮಾತು ಇದು, ರೇಂಜರ್ ಸಾಹೇಬರಿಗೂ ಗೊತ್ತಿತ್ತು, ಅವರೂ ಈ ಕಡೆಯವರೇ. ಬೇಟೆಯಲ್ಲಿ ನಮ್ಮವರ ಗುಂಡು ನಮ್ಮವರಿಗೇ ತಗುಲಿದರೆ ಪಾಲು ಹಾಕುವಾಗ ಮೊದಲ ಪಾಲು ಪೆಟ್ಟು ತಿಂದವನ ಮನೆಗೆ ಹೋಗುತ್ತದೆ. ಗಾಯದ ಪಾಲು ಎನ್ನುತ್ತಾರೆ. ಗಾಯ ಮಾಯುವತನಕ ಅದನ್ನು ಬೆಂಕಿಗೆ ಹಾಕಬಾರದು, ಒಣಗಿಸಿ ಇಡಬೇಕು. ಮಾಯ್ದ ಮೇಲೆ ಬೇಟೆಗೆ ಹೋದವರನ್ನೆಲ್ಲ ಕರೆದು ಅದನ್ನು ಅಡಿಗೆ ಮಾಡುತ್ತಾರೆ. ಯಾರ ಬಂದೂಕಿನಿಂದ ಪೆಟ್ಟಾಯಿತೋ ಅವನು ಎಲ್ಲರೆದುರು "ಗುಂಡು ನಂದು" ಎಂದು ಹೇಳಿ, ತಾನೇ ಮೊದಲ ತುತ್ತು ಬಡಿಸಬೇಕು. ಊಟ ಮುಗಿದ ಮೇಲೆ ಆ ಮಾತು ಮತ್ತೆ ಎತ್ತುವಂತಿಲ್ಲ. ಆ ಊಟ ಆಗುವತನಕ ಹೊಡೆದವನು ಆ ಮನೆಯಲ್ಲಿ ನೀರು ಸಹ ಮುಟ್ಟುವಂತಿಲ್ಲ, ಯಾರು ಹೊಡೆದರೆಂದು ಯಾರೂ ಕೇಳುವಂತಿಲ್ಲ. ಅಂದ ಮೇಲೆ ಹಸಿ ಖಂಡ ಜೋತಾಡುತ್ತಿರುವ ಮನೆಯೊಳಗೆ ಗಾಯಗೊಂಡವನು ಮಲಗಿದ್ದಾನೆ.

ಸಾಹೇಬರು ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕಲ್ಲಿನ ಮೇಲೆ ಕೂತರು. ರಕ್ತದೊತ್ತಡದ ಮನುಷ್ಯ, ಬೆವರುತ್ತಿದ್ದರು. ಅವರು ನಿಧಾನವಾಗಿ ಹೇಳಿದ್ದು ಇಷ್ಟು: ಮಾಲು ಕಂಡಾಯಿತು, ಬಿಟ್ಟು ಹೋಗುವುದಕ್ಕೆ ಆಗುವುದಿಲ್ಲ. ಹಿಡಿದರೆ ಮನೆ ಯಜಮಾನನೇ ಆರೋಪಿ. ಆರೋಪಿ ಆಗುತ್ತೇನೆಂದು ಗೊತ್ತಾದರೆ ಅವನು ದವಾಖಾನೆಗೆ ಬರುವುದಿಲ್ಲ, ಒಳಗೇ ಸಾಯುತ್ತಾನೆ. ಅತ್ತ ದರಿ, ಇತ್ತ ಪುಲಿ. ಆಮೇಲೆ ನನ್ನ ಕಡೆ ತಿರುಗಿ, "ಅಂಗಿ ಬಿಚ್ಚಿಟ್ಟು ಒಳಗ ಹೋಗು. ಖಾಕಿ ಕಂಡ್ರ ಅಂವಾ ಬಾಯಿ ಬಿಡಂಗಿಲ್ಲ" ಎಂದರು.

ಖಾಕಿ ಅಂಗಿಯನ್ನು ಜೀಪಿನ ಸೀಟಿನ ಮೇಲೆ ಹಾಕಿ ಬನಿಯನ್ನಿನಲ್ಲೇ ಒಳಗೆ ಹೋದೆ. ದ್ಯಾಮವ್ವ ಒಂದು ಗಳಿಗೆ ನೋಡಿ ಸರಿದು ನಿಂತಳು. ನಿಂಗಪ್ಪ ಅಡಿಗೆ ಮನೆಯ ಹಿಂದಿನ ಕತ್ತಲ ಕೋಣೆಯಲ್ಲಿ ಕಂಬಳಿಯ ಮೇಲಿದ್ದ. ಹೊಟ್ಟೆಯ ಕೆಳಗಿನಿಂದ ತೊಡೆಯತನಕ ಅರಿಶಿನ ಬೇವು ಮೆತ್ತಿದ್ದರು. ಜ್ವರ ಕೆಂಡದಂತಿತ್ತು, ಗಾಯ ವಾಸನೆ ಬಂದಿತ್ತು. ಇಂಥದ್ದನ್ನು ದನಗಳಲ್ಲಿ ನೋಡಿದ್ದೆ. ಇನ್ನು ಹೆಚ್ಚು ಹೊತ್ತಿಲ್ಲ ಎಂದು ತಿಳಿಯಿತು.

"ನಾ ದವಾಖಾನಿಗೆ ಬರಂಗಿಲ್ಲರಿ. ಅಲ್ಲೆ ಯಾರು ಹೊಡದ್ರು ಅಂತ ಕೇಳ್ತಾರ," ಎಂದ.

"ನಾ ಕೇಳಂಗಿಲ್ಲ. ಎಂದೂ ಕೇಳಂಗಿಲ್ಲ."

"ನೀವು ಬಿಡ್ರಿ. ಪೊಲೀಸರು ಕೇಳ್ತಾರ."

ಕೇಳುವುದಂತೂ ಖರೆ. ದ್ಯಾಮವ್ವ ಬಾಗಿಲಲ್ಲಿ ನಿಂತೇ ಇದ್ದಳು. ಗಂಡನ ಕಡೆ ನೋಡದೆ ನನಗೆ ಹೇಳಿದಳು: "ಕೇಳಿದ್ರ ಕೇಳವಲ್ರ್ಯಾಕ. ಇಂವಾ ಹೇಳಂಗಿಲ್ಲ, ನಾನೂ ಹೇಳಂಗಿಲ್ಲ. ಎತ್ರಿ ನೀವು." ಕಾಲಿನ ಕಡೆ ಕಂಬಳಿಯನ್ನು ತಾನೇ ಹಿಡಿದಳು.

ಅಂಗಳಕ್ಕೆ ತರುವಷ್ಟರಲ್ಲಿ ಪಕ್ಕದ ಮನೆಯಿಂದ ನಿಂಗಪ್ಪನ ಅಣ್ಣ ಯಲ್ಲಪ್ಪ ಬಂದು ತಲೆಯ ಕಡೆ ಕೈ ಕೊಟ್ಟ. ಬೇಟೆಯ ಹಿರಿಯ ಅವನು, ಊರಿಗೆಲ್ಲ ಗುರಿಕಾರ ಎಂದು ಹೆಸರಾದವನು. ಅವನ ಕೈ ಕಂಬಳಿಯ ಜೊತೆ ನಡುಗುತ್ತಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಕೂಡಲೇ ಇಬ್ಬರೂ ಬೇರೆ ಕಡೆ ನೋಡಿದೆವು. ಕೇಳುವುದಿಲ್ಲ ಎಂದು ಈಗಷ್ಟೇ ಮಾತು ಕೊಟ್ಟು ಬಂದಿದ್ದೆ.

ಜೀಪಿನಲ್ಲಿ ಮಲಗಿಸಿದ್ದಾಯಿತು. ಅಷ್ಟರಲ್ಲಿ ಸಾಹೇಬರು ಹನುಮಪ್ಪನ ಕೈಯಿಂದ ಹಗ್ಗದ ಮೇಲಿನ ಖಂಡಗಳನ್ನೆಲ್ಲ ಚೀಲಕ್ಕೆ ತುಂಬಿಸಿ, ಪಂಚನಾಮೆ ಮುಗಿಸಿ ತಂದು ಇಟ್ಟರು. ದ್ಯಾಮವ್ವ ಚೀಲ ಕಂಡಳು. ಗಂಡನನ್ನು ಎತ್ತುವಾಗ ಅಳದವಳು ಆಗ ಜೀಪಿನ ಬಾಗಿಲು ಹಿಡಿದುಕೊಂಡು ಅತ್ತಳು. "ಅದನ್ನ ಬಿಟ್ಟು ಹೋಗ್ರಿ ಸಾಹೇಬ್ರ. ಅಂವನ್ನ ಒಯ್ಯಿರಿ, ಅದನ್ನೊಂದು ಬಿಡ್ರಿ." ಆಗುವುದಿಲ್ಲವ್ವಾ ಎಂದು ಸಾಹೇಬರು ಅಂದರು. ಅವರ ದನಿಯಲ್ಲಿ ಜೋರಿರಲಿಲ್ಲ. ಯಲ್ಲಪ್ಪ ಅಂಗಳದಲ್ಲಿ ತಲೆ ಕೆಳಗೆ ಹಾಕಿ ನಿಂತಿದ್ದ. ಜೀಪು ಹೊರಟಿತು.

ಗದಗಿನ ದೊಡ್ಡಾಸ್ಪತ್ರೆಯಲ್ಲಿ ನಿಂಗಪ್ಪ ಬದುಕಿದ. ಸಿಕ್ಕಷ್ಟು ಚರೆ ತೆಗೆದರು, ಬೆನ್ನೆಲುಬಿನ ಹತ್ತಿರ ಒಂದನ್ನು ಮುಟ್ಟುವುದು ಬೇಡವೆಂದು ಬಿಟ್ಟರು. ಎಡಗಾಲು ಎಳೆಯುವುದು ಹಾಗೇ ಉಳಿಯಿತು. ಪೊಲೀಸರು ಕೇಳಿದರು. ಎಲ್ಲಿಂದಲೋ ಬಂತು, ಯಾರೋ ಏನೋ ಎಂದ. ನನ್ನನ್ನೂ ಕೇಳಿದರು. ಕಂಡದ್ದನ್ನು ಹೇಳಿದೆ, ಅಂದಾಜು ಮಾಡಿದ್ದನ್ನು ಹೇಳಲಿಲ್ಲ. ಕಂಬಳಿ ನಡುಗಿದ್ದು ಸಾಕ್ಷಿಯೇ? ಯಾರ ಕೈಯಾದರೂ ನಡುಗಬಹುದು.

ಮಾಂಸದ ಒಂದು ತುಂಡು ಪರೀಕ್ಷೆಗೆ ಹೋಯಿತು. ಉಳಿದದ್ದು ಡಬ್ಬಿಯೊಳಗೆ ಸೀಲಾಗಿ ನಮ್ಮ ಸ್ಟೋರಿನಲ್ಲಿ ಕೂತಿತು. ಕೇಸು ಎತ್ತಿನ ಬಂಡಿಯಂತೆ ನಡೆಯಿತು. ನಿಂಗಪ್ಪ ಕಾಲೆಳೆಯುತ್ತಾ ಕೋರ್ಟಿಗೆ ಬರುತ್ತಿದ್ದ, ನಾನು ಸಾಕ್ಷಿಯಾಗಿ ಹೋಗುತ್ತಿದ್ದೆ, ಇಬ್ಬರೂ ಒಂದೇ ಅಂಗಡಿಯಲ್ಲಿ ಚಹ ಕುಡಿಯುತ್ತಿದ್ದೆವು. ಗಾಯ ಪೂರ್ತಿ ಮಾಯ್ದಿತು. ಊಟ ಮಾತ್ರ ಆಗಲಿಲ್ಲ.

ಊಟ ಆಗದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಆ ಊರಿನ ದಾರಿಯಲ್ಲಿ ಹೋಗುವಾಗಲೆಲ್ಲ ನೋಡಿದೆ. ನಿಂಗಪ್ಪನ ಹೊಲವನ್ನು ಯಲ್ಲಪ್ಪನೇ ಹರಗುತ್ತಿದ್ದ, ಬಿತ್ತುತ್ತಿದ್ದ, ರಾಶಿ ಮಾಡಿ ಚೀಲಗಳನ್ನು ತಮ್ಮನ ಬಾಗಿಲ ಹೊರಗೆ ಇಳಿಸಿ ಹೋಗುತ್ತಿದ್ದ. ಒಳಗೆ ಕಾಲಿಡುತ್ತಿರಲಿಲ್ಲ. ತಮ್ಮನ ಮಗಳ ಮದುವೆಯಲ್ಲಿ ಹಂದರ ಹಾಕಿದವನು ಅವನು, ನೀರು ಹೊತ್ತವನು ಅವನು, ಊಟದ ಹೊತ್ತಿಗೆ ಎದ್ದು ಹೋದವನೂ ಅವನೇ. ನಡುವಿನ ಗೋಡೆ ಒಂದೇ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತದೆ. ಮಾತಿಲ್ಲ. ಸಿಟ್ಟೂ ಇಲ್ಲ, ಅದೇ ಕಷ್ಟ. ಸಿಟ್ಟಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದರು.

ಒಂದು ದಿನ ದ್ಯಾಮವ್ವ ಮುಂಡರಗಿ ಆಫೀಸಿಗೇ ಬಂದಳು. ಡಬ್ಬಿ ಬಿಚ್ಚಿ ಒಂದೇ ಒಂದು ಖಂಡ ಕೊಡಿರಿ, ಯಾರಿಗೂ ಹೇಳುವುದಿಲ್ಲ ಎಂದಳು. ಸೀಲು ಒಡೆದರೆ ನನ್ನ ನೌಕರಿ ಹೋಗುತ್ತದೆ ಎಂದು ಸಮಾಧಾನವಾಗಿ ಹೇಳಿದೆ. ಜಾಣತನ ಮಾಡಿ, ಒಂದು ಕೋಳಿ ಕೊಯ್ದು ಅದನ್ನೇ ಗಾಯದ ಪಾಲು ಅಂದುಕೊಂಡು ಊಟ ಮಾಡಿಬಿಡಿ ಎಂದೂ ಸೇರಿಸಿದೆ. ಅವಳು ನನ್ನನ್ನೇ ನೋಡಿದಳು. "ಸಾಹೇಬ್ರ, ನಿಮ್ಮಪ್ಪನ ತಿಥಿ ದಿನಾ ಓಣ್ಯಾಗಿನ ಬ್ಯಾರೆ ಯಾರದರ ಹೆಸರು ಹಿಡೀತೀರೇನು?" ಎಂದು ಕೇಳಿ ಎದ್ದು ಹೋದಳು.

ಈ ನೌಕರಿಯಲ್ಲಿ ದಣಿವು ಬರುವುದು ಗುಡ್ಡ ಹತ್ತಿ ಅಲ್ಲ ತಮ್ಮಂದಿರಾ. ಹೀಗೆ ಬರುತ್ತದೆ. ನೀವು ಮಾಡಿದ್ದೂ ಸರಿ, ಅವರು ಕೇಳಿದ್ದೂ ಸರಿ, ಎರಡರ ನಡುವೆ ಒಂದು ಡಬ್ಬಿ.

ನಾನು ನಿವೃತ್ತನಾಗುವ ಮುಂಚಿನ ತಿಂಗಳುಗಳಲ್ಲಿ ಕೇಸು ಮುಗಿಯಿತು. ಸಾಕ್ಷಿ ಸಾಲದೆಂದು ನಿಂಗಪ್ಪ ಬಿಡುಗಡೆಯಾದ. ಮಾಲನ್ನು ನಾಶಪಡಿಸಬೇಕೆಂದು ಆದೇಶ ಬಂತು. ನಾಶಪಡಿಸುವುದೆಂದರೆ ಸುಡುವುದು. ಸೀಲೊಡೆದ ಡಬ್ಬಿಯೊಳಗೆ ಖಂಡಗಳು ಕರ್ರಗೆ, ತೊಗಲಿನ ತುಂಡಿನಂತಾಗಿದ್ದವು. ಆಫೀಸಿನ ಹಿಂದೆ ತಗ್ಗು ತೋಡಿ, ಪಂಚರ ಎದುರು, ಸೌದೆ ಒಟ್ಟಿ ನಾನೇ ಕಡ್ಡಿ ಗೀರಿದೆ. ಪೂರ್ತಿ ಉರಿಯುವುದಕ್ಕೆ ಬಹಳ ಹೊತ್ತು ಬೇಕಾಯಿತು. ಹೊಗೆ ಕಣ್ಣಿಗೆ ಬರುತ್ತಿತ್ತು. ಪಂಚರು ಸಹಿ ಹಾಕಿ ಹೋದರು.

ಯಾರೋ ಹೇಳಿ ತಿಳಿಯುವ ಬದಲು ನಾನೇ ಹೇಳಬೇಕೆಂದು ಒಂದೆರಡು ದಿನ ಬಿಟ್ಟು ಆ ಊರಿಗೆ ಹೋದೆ. ಬೈಗುಳ ತಿನ್ನುವುದಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ನಿಂಗಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ದ್ಯಾಮವ್ವ ಜೋಳ ಹಸನು ಮಾಡುತ್ತಿದ್ದಳು. ಖಂಡ ಇನ್ನು ಸಿಗುವುದಿಲ್ಲ, ಸುಟ್ಟಾಯಿತು ಎಂದು ಹೇಳಿದೆ. ನಿಂಗಪ್ಪನ ಕೈ ನಿಂತಿತು. ದ್ಯಾಮವ್ವ ಮೊರ ಕೆಳಗಿಟ್ಟಳು.

"ಯಾವಾಗ ಸುಟ್ರಿ?"

"ಮೊನ್ನೆ."

"ಎಲ್ಲಾನೂ?"

"ಎಲ್ಲಾನೂ. ನಾನ ನಿಂತು ಸುಟ್ಟೇನಿ."

ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕಿದಳು. "ಗಾಯ ಮಾಯೂದ್ರಾಗ ಬೆಂಕಿಗಿ ಹಾಕಬಾರದು ಅಂತ ರಿವಾಜು. ಮಾಯ್ದ ಮ್ಯಾಲ ಹಾಕೀರಿ. ಬೆಂಕಿಗಿ ಹೋಗೂದು ಹೋತು. ಆತು ಬಿಡ್ರಿ," ಎಂದಳು. ಅಷ್ಟು ಹೇಳಿ ಎದ್ದು, ನಡುವಿನ ಗೋಡೆಯ ಹತ್ತಿರ ಹೋಗಿ, ಇಷ್ಟು ವರ್ಷ ಕರೆಯದವರನ್ನು ಕರೆದಳು. "ಭಾವಾರ, ಬರ್ರಿ. ಎಲ್ಲಾರನೂ ಕರಕೊಂಡು ಬರ್ರಿ. ಊಟ ಐತಿ."

ಅವತ್ತು ಆ ಮನೆಯಲ್ಲಿದ್ದದ್ದು ಜೋಳದ ರೊಟ್ಟಿ, ಹಿಟ್ಟಿನ ಝುಣಕ, ಮೆಣಸಿನಕಾಯಿ ಚಟ್ನಿ. ಬೇಟೆಗೆ ಹೋದವರಲ್ಲಿ ಊರಲ್ಲಿದ್ದವರು ಬಂದು ಪಡಸಾಲೆಯಲ್ಲಿ ಸಾಲಾಗಿ ಕೂತರು. ನಾನು ಎದ್ದು ಹೊರಟೆ. ಕುಂಡ್ರಿ, ಬೇಯಿಸಿದವರು ನೀವು ಎಂದು ದ್ಯಾಮವ್ವ ನನ್ನ ಮುಂದೆಯೂ ತಾಟು ಇಟ್ಟಳು. ಕೆಲವರು ನನ್ನ ಕಡೆ ನೋಡಿದರು. ಯಾರೂ ಬೇಡವೆನ್ನಲಿಲ್ಲ.

ಯಲ್ಲಪ್ಪ ಕೊನೆಗೆ ಬಂದ. ಮುದುಕನಾಗಿದ್ದ. ಹೊಸಿಲ ಹೊರಗೆ ನಿಂತ. ದ್ಯಾಮವ್ವ ರೊಟ್ಟಿಯ ಬುಟ್ಟಿಯನ್ನು ಅವನ ಕೈಗೆ ಕೊಟ್ಟಳು. ಅವನು ಒಳಗೆ ಕಾಲಿಟ್ಟು ತಮ್ಮನ ಎದುರು ಬಂದು ನಿಂತ.

"ಗುಂಡು ನಂದು," ಎಂದ.

ರಿವಾಜಿನ ಪ್ರಕಾರ ಅಷ್ಟೇ ಸಾಕು. ಎಲ್ಲರೂ ತಲೆ ಆಡಿಸಿದರು. ಆದರೆ ಅವನು ಬಡಿಸಲಿಲ್ಲ. ಬುಟ್ಟಿ ಹಿಡಿದೇ ನಿಂತ.

"ಹುಲ್ಲು ಅಳ್ಳಾಡ್ತು. ಕೂಗಬೇಕಿತ್ತು, ಕೂಗಾಕ ಬಾಯಿ ತಗದಿದ್ನೆಪಾ. ಕೆಳಗ ಜೀಪ್ ಕಂಡ್ತು. ಇವರು ನಿಂತಿದ್ರು." ಯಲ್ಲಪ್ಪ ನನ್ನ ಕಡೆ ನೋಡಿದ. ಆ ನೋಟದಲ್ಲಿ ತಕರಾರು ಇರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದ. "ಬಾಯಿ ಮುಚ್ಚಿದೆ. ಮುಚ್ಚಿ ಹೊಡದೆ."

ನಿಂಗಪ್ಪ ಅಣ್ಣನ ಕೈಯಿಂದ ಒಂದು ರೊಟ್ಟಿ ತಾನೇ ತೆಗೆದುಕೊಂಡ.

"ನೀ ಕೂಗಿದ್ರ ನಾನೂ ಓ ಅಂತಿದ್ದಿಲ್ಲ ಬಿಡು," ಎಂದ. "ನನಗೂ ಜೀಪ್ ಕಂಡಿತ್ತು."